ಇಪ್ಪತ್ತೆಂಟು ಪಟ್ಟ, ಎರಡು ಸೀಸನ್ನು

ಪಂಕಜ್ ಅಡ್ವಾಣಿ ಗೆದ್ದ ಸುದ್ದಿ ನಮ್ಮ ಪೇಪರುಗಳಲ್ಲಿ ಹೇಗೆ ಬರುತ್ತೆ ಅಂತ ಗಮನಿಸಿದ್ದೀರಾ? ಕ್ರೀಡಾಪುಟದ ಕೆಳಮೂಲೆ, ಒಂದು ಕಾಲಂ, ಪಾಸ್‌ಪೋರ್ಟ್ ಫೋಟೊಗಿಂತ ಚೂರು ದೊಡ್ಡದಾದ ಒಂದು ಚಿತ್ರ, ಆಮೇಲೆ ಒಂದು ಸಂಖ್ಯೆ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಅವರನ್ನು ಸೋಲಿಸಿದಾಗ ಆ ಸಂಖ್ಯೆ 28 ಆಯ್ತು. ಇಪ್ಪತ್ತೆಂಟನೇ ವಿಶ್ವ ಪಟ್ಟ! ಓದಿದವರು 'ಅಬ್ಬಾ' ಅಂತಾರೆ, ಪುಟ ತಿರುಗಿಸ್ತಾರೆ. ಯಾವ ಆಟ, ಯಾವ ಸಂಸ್ಥೆ ನಡೆಸಿದ್ದು, ಎದುರಿಗೆ ಯಾರು ಯಾರಿದ್ದರು, ಯಾರು ಇರಲಿಲ್ಲ, ಒಂದನ್ನೂ ಆ ಸುದ್ದಿ ಹೇಳುವುದಿಲ್ಲ. ಇಪ್ಪತ್ತು ವರ್ಷದಿಂದ ಹೇಳಿಲ್ಲ.

ನನ್ನ ತಕರಾರು ಪಂಕಜ್ ಮೇಲಲ್ಲ, ಆ ಸಂಖ್ಯೆಯನ್ನು ನಾವು ಬಳಸ್ತಾ ಇರೋ ರೀತಿಯ ಮೇಲೆ. ಆ ಸಂಖ್ಯೆಯನ್ನು ಬಿಚ್ಚಿ ನೋಡೋಣ. ಅದರಲ್ಲಿ ಹೆಚ್ಚಿನ ಪಾಲು ಬಿಲಿಯರ್ಡ್ಸ್‌ನದು. ಬಿಲಿಯರ್ಡ್ಸ್ ಅಂದರೆ ಮೂರೇ ಚೆಂಡಿನ ಆಟ, ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು. ಸ್ನೂಕರ್‌ನಲ್ಲಿ ಹದಿನೈದು ಕೆಂಪು, ಆರು ಬಣ್ಣ, ಹೊಡೆಯೋಕೆ ಒಂದು ಬಿಳಿ. ಟೇಬಲ್ ಅದೇ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಕೋಲೂ ಹೆಚ್ಚುಕಮ್ಮಿ ಅದೇ. ಆಟ ಮಾತ್ರ ಬೇರೆ. ಬಿಲಿಯರ್ಡ್ಸ್‌ನಲ್ಲೂ ಇಷ್ಟು ಪಾಯಿಂಟಿಗೆ ಮೊದಲು ಮುಟ್ಟಿದವರು ಗೆದ್ದರು ಅನ್ನೋ ಪಂದ್ಯಾವಳಿ ಒಂದು, ಇಷ್ಟು ಗಂಟೆಯಲ್ಲಿ ಹೆಚ್ಚು ಗಳಿಸಿದವರು ಗೆದ್ದರು ಅನ್ನೋದು ಇನ್ನೊಂದು. ಒಂದೇ ವರ್ಷ ಎರಡೂ ನಡೆಯುತ್ತೆ, ಎರಡೂ ವಿಶ್ವ ಪಟ್ಟ. 2005ರಲ್ಲಿ ಮಾಲ್ಟಾದಲ್ಲಿ, 2008ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಪಂಕಜ್ ಎರಡನ್ನೂ ಬಾಚಿಕೊಂಡರು. ಜೊತೆಗೆ ಆರು ಕೆಂಪು ಚೆಂಡಿನ ಚಿಕ್ಕ ಸ್ನೂಕರ್ ಇದೆ, ತಂಡದ ಪಂದ್ಯಾವಳಿ ಇದೆ. ಹದಿನೈದು ಕೆಂಪಿನ ಪೂರಾ ಸ್ನೂಕರ್‌ನಲ್ಲಿ ಅವರ ವಿಶ್ವ ಪಟ್ಟ ಮೂರು: 2003, 2015, 2017. ಆ ಮೂರೂ ಹವ್ಯಾಸಿಗಳ ಪಟ್ಟ. ಹವ್ಯಾಸಿ ಅಂದಾಕ್ಷಣ ಭಾನುವಾರ ಆಡೋರು ಅಂತಲ್ಲ. ಪ್ರೊಫೆಷನಲ್ ಟೂರಿನ ಹೊರಗೆ ಇರೋರು ಅಂತ ಅಷ್ಟೇ.

ಹಾಗಂತ ಇದು ಸಣ್ಣ ಸಾಧನೆ ಅಂದರೆ ನಾಲಿಗೆ ಬಿದ್ದುಹೋದೀತು. ಬಿಲಿಯರ್ಡ್ಸ್‌ನಲ್ಲಿ ವರ್ಷಗಟ್ಟಲೆ ಯಾರಿಗೂ ಸೋಲದಂತಿದ್ದ ಮೈಕ್ ರಸೆಲ್‌ರನ್ನು ಅವರ ದೇಶದಲ್ಲೇ, ಲೀಡ್ಸ್‌ನಲ್ಲಿ, 2009ರಲ್ಲಿ ಪ್ರೊಫೆಷನಲ್ ಬಿಲಿಯರ್ಡ್ಸ್ ಫೈನಲ್‌ನಲ್ಲಿ ಸೋಲಿಸಿ ಬಂದವರು ಇವರು. 2006ರ ದೋಹಾ, 2010ರ ಗುವಾಂಗ್‌ಜೌ, ಎರಡೂ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ. ಎರಡು ಆಟವನ್ನು ಈ ಮಟ್ಟದಲ್ಲಿ ಒಟ್ಟಿಗೆ ಆಡಿದವರು ಈ ಕಾಲದಲ್ಲಿ ನನಗೆ ಇನ್ನೊಬ್ಬರು ಕಾಣಲ್ಲ. ಸಂಗೀತದಲ್ಲಿ ವೀಣೆ, ಪಿಟೀಲು ಎರಡರಲ್ಲೂ ಮುಖ್ಯ ಕಛೇರಿ ಕೊಡ್ತೀನಿ ಅಂದಂಗೆ ಅದು. ಆದರೆ ಇಪ್ಪತ್ತೆಂಟು ಅನ್ನೋ ಮೂಟೆಯಲ್ಲಿ ಎಲ್ಲ ತುಂಬಿ ಹೊಲಿದುಬಿಟ್ಟರೆ, ಒಳಗೆ ಭತ್ತ ಎಷ್ಟು, ರಾಗಿ ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮೂಟೆಯಲ್ಲಿ ಇಲ್ಲದ ಎರಡು ವರ್ಷದ ಬಗ್ಗೆ ಯಾರೂ ಮಾತೇ ಆಡಲ್ಲ.

ಆ ಎರಡು ವರ್ಷ ಅಂದರೆ 2012-13 ಮತ್ತು 2013-14. ಪಂಕಜ್ ಪ್ರೊಫೆಷನಲ್ ಸ್ನೂಕರ್ ಟೂರ್ ಆಡಿದ ಎರಡು ಸೀಸನ್ನು. ಕನ್ನಡದಲ್ಲಿ ಇದರ ಬಗ್ಗೆ ನೆಟ್ಟಗೆ ನಾಲ್ಕು ಪ್ಯಾರಾ ಬರೆದಿದ್ದನ್ನು ನಾನು ಓದಿಲ್ಲ.

ಸೀಸನ್ನು ಅಂದರೇನು ಅಂತ ಮೊದಲು ಹೇಳಬೇಕು, ಯಾಕಂದ್ರೆ ನಮಗೆ ಕ್ರಿಕೆಟ್ಟಿನ ಅಭ್ಯಾಸ. ಸ್ನೂಕರ್ ಸೀಸನ್ನು ನಮ್ಮ ಮುಂಗಾರಿನ ಜೊತೆ ಶುರುವಾಗಿ, ಮುಂದಿನ ಮೇ ತಿಂಗಳ ಮೊದಲ ಸೋಮವಾರ ಶೆಫೀಲ್ಡ್‌ನ ಕ್ರೂಸಿಬಲ್ ಅನ್ನೋ ನಾಟಕಮಂದಿರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನೊಂದಿಗೆ ಮುಗಿಯುತ್ತೆ. ನಡುವೆ ಹತ್ತಾರು ಟೂರ್ನಿ. ಸುಮಾರು 128 ಜನ ಆಟಗಾರರು. ಹೊಸಬರಿಗೆ ಟೂರ್ ಕಾರ್ಡ್ ಸಿಕ್ಕರೆ ಎರಡು ವರ್ಷಕ್ಕೆ. ಆ ಎರಡು ವರ್ಷದಲ್ಲಿ ಮೊದಲ 64ರೊಳಗೆ ಏರಬೇಕು. ಇಲ್ಲದಿದ್ದರೆ ಮತ್ತೆ ಅರ್ಹತಾ ಸುತ್ತುಗಳ ಬಾಗಿಲು ತಟ್ಟಬೇಕು. ಸಂಬಳ ಅಂತ ಇಲ್ಲ. ವಿಮಾನದ ಟಿಕೆಟ್ಟು, ವೀಸಾ, ಕೋಣೆ ಬಾಡಿಗೆ, ಅಭ್ಯಾಸದ ಟೇಬಲ್ಲು, ಎಲ್ಲಾ ಕೈಯಿಂದ. ಮೊದಲ ಸುತ್ತಿನಲ್ಲಿ ಸೋತರೆ ಆಗೆಲ್ಲ ಸಾಮಾನ್ಯವಾಗಿ ಕೈಗೆ ಸೊನ್ನೆ. ಈಗ ಪರವಾಗಿಲ್ಲ, 2022-23ರಿಂದ ಸೀಸನ್ನಿಗೆ 20,000 ಪೌಂಡ್ ಆದರೂ ಸಿಗುತ್ತೆ ಅಂತ ಖಾತ್ರಿ ಮಾಡಿದ್ದಾರೆ. ಪಂಕಜ್ ಹೋದ ಕಾಲಕ್ಕೆ ಅದೂ ಇರಲಿಲ್ಲ.

ಇನ್ನೊಂದು ವಿಷಯ. ಈ ಸೀಸನ್ನು ಬ್ರಿಟನ್ನಿನಲ್ಲಿ ಮನೆ ಇರೋರಿಗೆ ಅಂತಲೇ ಹೊಲಿದ ಅಂಗಿ. ಅರ್ಹತಾ ಸುತ್ತು ಅಲ್ಲಿ, ಅಭ್ಯಾಸದ ಜೊತೆಗಾರರು ಅಲ್ಲಿ, ಬಹುಪಾಲು ಟೂರ್ನಿಯೂ ಅಲ್ಲೇ. ಚೀನಾದಲ್ಲಿ ನಡೆಯೋ ಟೂರ್ನಿಗೂ ಎಷ್ಟೋ ಸಲ ಅರ್ಹತಾ ಪಂದ್ಯ ಇಂಗ್ಲೆಂಡಿನಲ್ಲೇ! ಯಾರ್ಕ್‌ಷೈರಿನ ಹುಡುಗ ಬೆಳಿಗ್ಗೆ ಅವನ ಅಮ್ಮ ಮಾಡಿಕೊಟ್ಟಿದ್ದು ತಿಂದು, ಕಾರು ಓಡಿಸಿಕೊಂಡು ಹೋಗಿ ಒಂದು ಪಂದ್ಯ ಸೋತು, ರಾತ್ರಿ ಊಟಕ್ಕೆ ಮನೇಲಿರ್ತಾನೆ. ಬೆಂಗಳೂರಿನವನು ಅದೇ ಪಂದ್ಯ ಸೋಲೋಕೆ ಹತ್ತು ಗಂಟೆಗೂ ಮೀರಿ ವಿಮಾನದಲ್ಲಿ ಕೂರಬೇಕು.

ಇಂಥ ಕಡೆಗೆ ಪಂಕಜ್ ಹೋಗಿದ್ದು 27ನೇ ವಯಸ್ಸಿನಲ್ಲಿ. ತಡ. ಬಹಳ ತಡ. ಅಲ್ಲಿನ ಹುಡುಗರು ಹದಿನಾರಕ್ಕೆ ಹದಿನೇಳಕ್ಕೆ ಇಳಿದುಬಿಡ್ತಾರೆ. ಜೊತೆಗೆ ಬಿಲಿಯರ್ಡ್ಸ್ ಬಿಡಲಿಲ್ಲ. ಆ 2012ರಲ್ಲೇ ಲೀಡ್ಸ್‌ಗೆ ಹೋಗಿ ಮೈಕ್ ರಸೆಲ್‌ರನ್ನು ಮತ್ತೆ ಸೋಲಿಸಿ ಬಂದರು. ಇಷ್ಟಾದರೂ ಮೊದಲ ಸೀಸನ್ನಿನಲ್ಲೇ, 2013ರ ಫೆಬ್ರವರಿಯಲ್ಲಿ, ನ್ಯೂಪೋರ್ಟ್‌ನ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರು. ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಅಲ್ಲಿವರೆಗೆ ಹೋದ ಮೊದಲ ಭಾರತೀಯ. ಅಲ್ಲಿ ಜಡ್ ಟ್ರಂಪ್‌ಗೆ ಸೋತರು. ಟ್ರಂಪ್ ಆಟ ನೋಡಿದವರಿಗೆ ಗೊತ್ತು, ಆ ಮನುಷ್ಯ ಈ ಮೂಲೆಯಿಂದ ಆ ಮೂಲೆಗೆ, ಹನ್ನೆರಡು ಅಡಿ ದೂರದ ಕೆಂಪನ್ನು ನಿಂಬೆಹಣ್ಣು ಬುಟ್ಟಿಗೆ ಹಾಕಿದಂಗೆ ಹಾಕ್ತಾನೆ. ಪಂಕಜ್ ಆಟ ಅದಲ್ಲ. ಅವರದು ಬಿಲಿಯರ್ಡ್ಸ್ ಕೈ: ಬಿಳಿ ಚೆಂಡು ಎಲ್ಲಿ ನಿಲ್ಲಬೇಕೋ ಅಲ್ಲಿ, ಅರ್ಧ ಇಂಚು ಆಚೀಚೆ ಇಲ್ಲದಂಗೆ ನಿಲ್ಲುತ್ತೆ. ತಾಳ್ಮೆ, ಮೆದು ಹೊಡೆತ, ಎದುರಾಳಿಗೆ ಏನೂ ಬಿಡದ ಸೇಫ್ಟಿ. ನನ್ನ ಲೆಕ್ಕದಲ್ಲಿ ಅದು ಹೆಚ್ಚು ಚೆಂದದ ಆಟ. ಆದರೆ ನಾಲ್ಕು ಫ್ರೇಮು ಗೆದ್ದರೆ ಮುಗಿಯುವ ಚಿಕ್ಕ ಪಂದ್ಯಗಳಲ್ಲಿ ಅಂಥ ಆಟ ಬಿಚ್ಚಿಕೊಳ್ಳೋ ಹೊತ್ತಿಗೆ ಎದುರಿನವನು ಕೈ ಕುಲುಕೋಕೆ ಬಂದಿರ್ತಾನೆ.

2014ರಲ್ಲಿ ಪಂಕಜ್ ಟೂರ್ ಬಿಟ್ಟು ವಾಪಸ್ ಬಂದರು. 'ದೊಡ್ಡೋರ ಅಖಾಡದಿಂದ ಓಡಿ ಬಂದ' ಅಂತ ಹೇಳೋರನ್ನ ಕೇಳಿದ್ದೀನಿ. 'ದೇಶಕ್ಕಾಗಿ ಬಂದ' ಅಂತ ಹೇಳೋರನ್ನೂ ಕೇಳಿದ್ದೀನಿ. ಎರಡೂ ಸೋಮಾರಿ ಮಾತು. ಟೂರ್‌ನಲ್ಲಿ ಉಳಿದಿದ್ದರೆ ಬಿಲಿಯರ್ಡ್ಸ್ ಬಿಡಬೇಕಿತ್ತು, ಇಂಗ್ಲೆಂಡಿನಲ್ಲಿ ಸಂಸಾರ ಹೂಡಬೇಕಿತ್ತು, ಮೂವತ್ತರ ಹೊಸ್ತಿಲಲ್ಲಿ ಹುಡುಗರ ಸಾಲಿನಲ್ಲಿ ನಿಲ್ಲಬೇಕಿತ್ತು. ಬಿಟ್ಟರು. ಕ್ರೂಸಿಬಲ್‌ನ ಆ ಮೆಟ್ಟಿಲು ಇಳಿದು ಬಂದು ಆಡೋದು ಅವರ ಪಾಲಿಗೆ ಬರಲೇ ಇಲ್ಲ. ಇದು ನಷ್ಟವೇ. ನಷ್ಟ ಅಂತ ಹೇಳಿದರೆ ಅವಮಾನ ಅಂತ ನಾವು ತಿಳಿಯೋದೇ ತೊಂದರೆ.

ಎಷ್ಟು ದೊಡ್ಡ ನಷ್ಟ ಅನ್ನೋಕೆ ನನ್ನ ಹತ್ರ ಒಂದು ಪಂದ್ಯ ಇದೆ. 2015, ಈಜಿಪ್ಟಿನ ಹುರ್ಗಾದಾ, ಹವ್ಯಾಸಿಗಳ ವಿಶ್ವ ಸ್ನೂಕರ್ ಫೈನಲ್. ಪಂಕಜ್ ಎದುರು 18 ವರ್ಷದ ಚೀನಾ ಹುಡುಗ, ಎಡಗೈ ಆಟಗಾರ. ಪಂಕಜ್ 8-6ರಿಂದ ಗೆದ್ದರು. ನಮ್ಮ ಪೇಪರು ಆವತ್ತೂ ಸಂಖ್ಯೆ ಹಾಕಿ ಮುಗಿಸಿತು. ಆ ಹುಡುಗನ ಹೆಸರು ಝಾವೊ ಶಿನ್‌ಟಾಂಗ್. ಮರುವರ್ಷ ಪ್ರೊಫೆಷನಲ್ ಆದ. 2021ರಲ್ಲಿ ಯುಕೆ ಚಾಂಪಿಯನ್‌ಷಿಪ್ ಗೆದ್ದ. ಆಮೇಲೆ 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣ ಬಂತು. ತನ್ನ ಪಂದ್ಯ ಬಿಟ್ಟುಕೊಟ್ಟವನಲ್ಲ, ಆದರೆ ಇನ್ನೊಬ್ಬನ ಫಿಕ್ಸಿಂಗ್‌ನಲ್ಲಿ ಪಾಲುಗಾರನಾಗಿದ್ದೆ, ಸ್ನೂಕರ್ ಮೇಲೆ ಬೆಟ್ಟಿಂಗ್ ಕಟ್ಟಿದ್ದೆ ಅಂತ ಒಪ್ಪಿಕೊಂಡು 20 ತಿಂಗಳು ನಿಷೇಧಕ್ಕೆ ಒಳಗಾದ. ಕಾರ್ಡು ಹೋಯ್ತು. ವಾಪಸ್ ಬಂದು, ಹವ್ಯಾಸಿಯಾಗಿಯೇ ನಾಲ್ಕು ಅರ್ಹತಾ ಸುತ್ತು ದಾಟಿ, 2025ರ ಮೇ 5ರಂದು ಕ್ರೂಸಿಬಲ್‌ನಲ್ಲಿ ಮಾರ್ಕ್ ವಿಲಿಯಮ್ಸ್‌ರನ್ನು 18-12ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಏಷ್ಯಾದಿಂದ ಮೊದಲನೆಯವನು.

ಆ ಫೈನಲ್ ರಾತ್ರಿ ನಾನು ಗುತ್ತಲಿನ ನಮ್ಮ ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಅವರ ಸಂಜೆ ಏಳು ನಮಗೆ ರಾತ್ರಿ ಹನ್ನೊಂದೂವರೆ. ಸೆಖೆ, ಸೊಳ್ಳೆ, ಒಳಗೆ ಎಲ್ಲ ಮಲಗಿದ್ದರು. 17-8 ಇದ್ದದ್ದು 17-12 ಆಯ್ತು. ಐವತ್ತು ವರ್ಷದ ವಿಲಿಯಮ್ಸ್ ಒಂದೊಂದೇ ಫ್ರೇಮು ಕಿತ್ತುಕೊಳ್ತಾ ಇದ್ದರು. ಹುಡುಗ ಕುಸೀತಾನೆ ಅಂದುಕೊಂಡೆ. ಕುಸೀಲಿಲ್ಲ. ಅವನು ಕಪ್ ಎತ್ತಿದಾಗ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಒಂದೇ: ಇವನನ್ನು ಬೆಂಗಳೂರಿನವರು ಒಬ್ಬರು ಫೈನಲ್‌ನಲ್ಲೇ ಸೋಲಿಸಿದ್ದಾರೆ. ಆವತ್ತು ಆ ಟೇಬಲ್ಲಿನ ಎರಡು ಕಡೆ ನಿಂತವರಲ್ಲಿ ಕೌಶಲದ ಅಂತರ ಎರಡು ಫ್ರೇಮು, ಅದೂ ನಮ್ಮ ಕಡೆಗೆ. ಆಮೇಲಿನ ಹತ್ತು ವರ್ಷದ ಅಂತರ ಕೌಶಲದ್ದಲ್ಲ.

ಹಾಗಾದರೆ ಯಾವುದರದ್ದು? ಚೀನಾದವರು ಏನು ಮಾಡಿದರು ಅಂತ ನೋಡಿ. 2005ರಲ್ಲಿ ಡಿಂಗ್ ಜುನ್‌ಹುಯಿ ಹದಿನೆಂಟರ ಹರೆಯದಲ್ಲಿ ಬೀಜಿಂಗ್‌ನಲ್ಲಿ ಚೀನಾ ಓಪನ್ ಗೆದ್ದ. ಅದಾದ ಮೇಲೆ ಅವರು ಸುಮ್ಮನೆ ಹಾರ ಹಾಕಿ ಕೂರಲಿಲ್ಲ. ಟೂರ್ನಿ ಮೇಲೆ ಟೂರ್ನಿ ತಮ್ಮೂರಿಗೆ ತಂದರು. ಶೆಫೀಲ್ಡ್‌ನಲ್ಲೇ ಅಕಾಡೆಮಿ ಹಾಕಿದರು: ಹುಡುಗರಿಗೆ ಟೇಬಲ್ಲು, ವಸತಿ, ಜೊತೆಗೆ ತಮ್ಮ ಭಾಷೆ ಮಾತಾಡೋ ನಾಲ್ಕು ಜನ. ಅಂದರೆ ಬ್ರಿಟನ್ನಿನವರಿಗೆ ಹೊಲಿದ ಅಂಗಿಯನ್ನು ತಮ್ಮ ಹುಡುಗರ ಮೈಗೆ ತಕ್ಕಂಗೆ ಬಿಚ್ಚಿ ಹೊಲಿದರು. ಹಗರಣವೂ ಆ ಹುಡುಗರ ನಡುವೆಯೇ ಹುಟ್ಟಿತು ಅನ್ನೋದನ್ನ ಮರೆಯಬಾರದು. ಮನೆ ಬಿಟ್ಟು, ದುಡ್ಡಿಲ್ಲದೆ, ಒಂದೇ ಕಡೆ ಗುಂಪಾಗಿ ಬದುಕಿದ ಎಳೆಯರು. ಬೆಂಗಳೂರಿನಲ್ಲೇ 2014ರಲ್ಲಿ ಹವ್ಯಾಸಿ ವಿಶ್ವ ಪಟ್ಟ ಗೆದ್ದ ಯಾನ್ ಬಿಂಗ್‌ಟಾವೊ, ಆಗ ಹದಿನಾಲ್ಕೇ ವರ್ಷ, ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಎದುರು 8-7ರ ಕೊನೆ ಫ್ರೇಮಿನ ಗೆಲುವು, 2021ರಲ್ಲಿ ಮಾಸ್ಟರ್ಸ್ ಗೆದ್ದವನು, ಅದೇ ಹಗರಣದಲ್ಲಿ ಐದು ವರ್ಷ ನಿಷೇಧಕ್ಕೆ ಹೋದ. ಹಾಗಾಗಿ ಚೀನಾ ದಾರಿ ಹೂವಿನ ದಾರಿ ಅಂತ ನಾನು ಹೇಳ್ತಿಲ್ಲ. ದಾರಿ ಅಂತ ಒಂದು ಇತ್ತು ಅಂತ ಹೇಳ್ತಿದೀನಿ.

ನಮ್ಮಲ್ಲಿ ಇಂಡಿಯನ್ ಓಪನ್ ಅಂತ ಒಂದು ರ‍್ಯಾಂಕಿಂಗ್ ಟೂರ್ನಿ ಬಂತು. 2013ರಲ್ಲಿ ದೆಹಲಿ. ಆ ಸಲ ಮುಂಬೈನ ಆದಿತ್ಯ ಮೆಹ್ತಾ ಫೈನಲ್‌ವರೆಗೆ ಹೋಗಿ ಡಿಂಗ್‌ಗೆ 5-0 ಸೋತರು. ಫೈನಲ್ ಮುಟ್ಟಿದ ಮೊದಲ ಭಾರತೀಯ. ಆಮೇಲೆ 2015ರಲ್ಲಿ ಮುಂಬೈ, 2016ರಲ್ಲಿ ಹೈದರಾಬಾದ್, 2017ರಲ್ಲಿ ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ. ಅಷ್ಟಕ್ಕೆ ನಿಂತುಹೋಯ್ತು. ಆ ಪಟ್ಟಿ ಇನ್ನೊಂದ್ಸಲ ಓದಿ. ಪಂಕಜ್ ಬೆಳೆದ ಊರು, ಅರವಿಂದ್ ಸವೂರ್‌ರಂಥ ಕೋಚ್ ಇರೋ ಊರು, ವಸಂತನಗರದಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಸ್ವಂತ ಸಭಾಂಗಣ ಇರೋ ಊರು, ವಿಶ್ವ ಚಾಂಪಿಯನ್‌ಷಿಪ್ಪುಗಳನ್ನೇ ನಡೆಸಿದ ಊರು, ಅದರಲ್ಲಿಲ್ಲ. ಅಕ್ಕಪಕ್ಕದ ಆಂಧ್ರ, ತೆಲಂಗಾಣ, ಕೇರಳಕ್ಕೆಲ್ಲ ಬಂದು ಕರ್ನಾಟಕವನ್ನು ಸುತ್ತು ಹಾಕಿ ಹೋಯ್ತು. ಇದನ್ನು ಯಾರಾದರೂ ಕೇಳಬೇಕಿತ್ತು. ಕೇಳಬೇಕಾದ ಪತ್ರಕರ್ತರು ಸಂಖ್ಯೆ ಎಣಿಸ್ತಾ ಇದ್ದರು.

ಇದೆಲ್ಲ ಗುತ್ತಲಿನಲ್ಲಿ ಕೂತವನಿಗೆ ಯಾಕಪ್ಪಾ ಅಂತ ಕೇಳಬಹುದು. ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿ ಮೇಲೆ ಒಂದು ಸ್ನೂಕರ್ ಪಾರ್ಲರ್ ಇದೆ. ಎರಡು ಟೇಬಲ್ಲು. ಒಂದರ ಬಟ್ಟೆ ಕಿಟಕಿ ಕಡೆ ಸವೆದು ಬೆಳ್ಳಗಾಗಿದೆ, ಮಳೆಗಾಲದಲ್ಲಿ ಚೆಂಡು ಎಮ್ಮೆ ಥರ ನಡೆಯುತ್ತೆ. ಟೂರಿನ ಟೇಬಲ್ಲುಗಳಿಗೆ ಅಡಿಯಿಂದ ಕಾವು ಕೊಟ್ಟಿರ್ತಾರೆ, ತೇವ ಹಿಡಿಯದಂಗೆ. ಅಲ್ಲಿ ಚೆಂಡು ಬೆಣ್ಣೆ ಮೇಲೆ ಜಾರಿದಂಗೆ. ನಮ್ಮಲ್ಲಿ ಸೋತವನು ಟೇಬಲ್ ದುಡ್ಡು ಕೊಡಬೇಕು, ಅದೇ ಕಾನೂನು. ಊರ ಕಣ್ಣಿಗೆ ಅದು ಪೋಲಿಗಳ ಜಾಗ. ನಮ್ಮಮ್ಮ ಈ ಆಟಕ್ಕೆ ಇವತ್ತಿಗೂ ಕೋಲಾಟ ಅಂತಲೇ ಹೇಳೋದು.

ಅಲ್ಲಿ ಒಬ್ಬ ಹುಡುಗ ಇದಾನೆ. ಡಿಪ್ಲೊಮಾ ಓದ್ತಾ ಇದ್ದವನು. ಆ ಸವೆದ ಬಟ್ಟೆ ಮೇಲೆ ಐವತ್ತು ಅರವತ್ತರ ಬ್ರೇಕ್ ಕಟ್ತಾನೆ. ಅವನ ಫೋನಿನ ಪರದೆ ಮೇಲೆ ಪಂಕಜ್ ಫೋಟೊ, ಕೆಳಗೆ ದೊಡ್ಡದಾಗಿ 28. ಅವರಪ್ಪ ಆಲೆಮನೆ ಕೆಲಸದವರು. ಒಂದಿನ ಅರಕೇಶ್ವರ ದೇವಸ್ಥಾನದ ಹತ್ರ ನನ್ನನ್ನು ನಿಲ್ಲಿಸಿಕೊಂಡರು. "ಸಾ, ನೀವು ರಾತ್ರಿಯೆಲ್ಲಾ ಇದ್ನೇ ನೋಡ್ತೀರಂತಲ್ಲ. ನಮ್ಮುಡ್ಗ ಓದಾದ್ ಬುಟ್ಟು ಬೆಂಗ್ಳೂರ್ಗೋಗಿ ಇದ್ನೇ ಆಡ್ತೀನಿ ಅಂತಾವ್ನೆ. ಅದ್ಯಾರೋ ಇಪ್ಪತ್ತೆಂಟು ಸಲ ಗೆದ್ದವ್ರಂತೆ. ಇದ್ರಲ್ಲಿ ವಟ್ಟೆಗೆ ಏನಾರ ಸಿಕ್ಕದಾ, ಯೋಳಿ."

ಇಪ್ಪತ್ತೆಂಟು ಅನ್ನೋ ಮೂಟೆ ಬಿಚ್ಚಿ ತೋರಿಸಬೇಕು ಅಂತ ನನಗೆ ಅನಿಸಿದ್ದು ಆವತ್ತು. ಯಾಕಂದ್ರೆ ಆ ಹುಡುಗನಿಗೆ ಆ ಸಂಖ್ಯೆಯಿಂದ ಗೊತ್ತಾಗೋದು ಒಂದೇ, ಬೆಂಗಳೂರಿಗೆ ಹೋದರೆ ಜಗತ್ತು ಗೆಲ್ಲಬಹುದು ಅಂತ. ಗೆಲ್ಲಬಹುದು ನಿಜ. ಆದರೆ ಹವ್ಯಾಸಿ ಪಟ್ಟ ಬದುಕು ಕಟ್ಟಿಕೊಡೋದು ಹೆಚ್ಚಾಗಿ ಕಂಪನಿ ಕೆಲಸದ ಮೂಲಕ, ಸರ್ಕಾರದ ಬಹುಮಾನದ ಮೂಲಕ, ಪ್ರಾಯೋಜಕರ ಮೂಲಕ. ಟೂರ್ ಕಾರ್ಡ್ ಬೇಕು ಅಂದ್ರೆ ಬ್ಯಾಂಕಾಕ್‌ನಲ್ಲೋ ಇಂಗ್ಲೆಂಡಿನಲ್ಲೋ ಕ್ಯೂ ಸ್ಕೂಲ್ ಅನ್ನೋ ಅರ್ಹತಾ ಟೂರ್ನಿ ಆಡಬೇಕು, ಅದಕ್ಕೆ ಪ್ರವೇಶ ಶುಲ್ಕ ನಾವೇ ಕಟ್ಟಬೇಕು, ಪಾಸಾದರೆ ಎರಡು ವರ್ಷ ಅಲ್ಲಿ ಬದುಕೋ ದುಡ್ಡು ಕೈಯಲ್ಲಿರಬೇಕು. ಕಬ್ಬಿನ ಬಾಕಿಗೆ ಕಾಯೋ ಊರಿನಲ್ಲಿ ಈ ಲೆಕ್ಕ ಹೇಳೋಕೆ ನಾಚಿಕೆ ಆಗುತ್ತೆ.

ಬೇರೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದ ಉಮಾದೇವಿ ನಾಗರಾಜ್ ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿನಲ್ಲಿ, ಮದುವೆಯಾಗಿ ಮಕ್ಕಳಾದ ಮೇಲೆ, ಕೋಲು ಹಿಡಿದವರು. 2012ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಬೆಂಗಳೂರಿನವರೇ ಆದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀಗೆ 6-5, ಕೊನೆ ಫ್ರೇಮಿನಲ್ಲಿ ಸೋತರು. ನನಗೆ ಕೇಳಿದರೆ ಉಮಾದೇವಿ ಕತೆ ಇಪ್ಪತ್ತೆಂಟಕ್ಕಿಂತ ಹೆಚ್ಚು ಪಾಠ ಹೇಳುತ್ತೆ: ಕೆಲಸ ಕೈಯಲ್ಲಿತ್ತು, ಟೇಬಲ್ಲು ಕಾಲ್ನಡಿಗೆ ದೂರದಲ್ಲಿತ್ತು. ಎರಡನೆಯದೇ ಮುಖ್ಯ. ನಮ್ಮ ರಾಜ್ಯದಲ್ಲಿ ಒಳ್ಳೆ ಟೇಬಲ್ಲು ಅನ್ನೋದು ಕ್ಲಬ್ಬುಗಳ ಗೇಟಿನ ಒಳಗೆ, ಹೆಚ್ಚೂಕಮ್ಮಿ ಬೆಂಗಳೂರಿನ ಒಳಗೆ ಉಳಿದುಹೋಗಿದೆ. ಸದಸ್ಯತ್ವ ಇಲ್ಲದವನು ಬಾಗಿಲಲ್ಲೇ. ಈ ಆಟ ಹುಟ್ಟಿದ್ದೂ ಹಾಗೇ ಬಿಡಿ: 1875ರಲ್ಲಿ ಜಬಲ್‌ಪುರದ ಮಿಲಿಟರಿ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಅನ್ನೋ ಅಧಿಕಾರಿ (ಪ್ರಧಾನಿ ಆದವನಲ್ಲ, ಬೇರೆಯವನು) ಶುರುಮಾಡಿ, ಆಮೇಲೆ ಊಟಿ ಕ್ಲಬ್ಬಿನ ಗೋಡೆ ಮೇಲೆ ನಿಯಮ ಬರೆದು ಅಂಟಿಸಿದ್ದು. ಗುತ್ತಲಿನಿಂದ ಮೈಸೂರು, ಬಂಡೀಪುರ ದಾಟಿದರೆ ಊಟಿ. ಶೆಫೀಲ್ಡ್‌ಗಿಂತ ಈ ಆಟದ ತವರು ನಮಗೇ ಹತ್ತಿರ. ಆದರೂ ಮಂಡ್ಯದ ಹುಡುಗನಿಗೆ ಸರಿಯಾದ ಬಟ್ಟೆ ಹೊದಿಸಿದ ಒಂದು ಟೇಬಲ್ಲು ಸಿಗೋಕೆ ನೂರು ಕಿಲೋಮೀಟರ್ ರೈಲು ಹತ್ತಬೇಕು.

ಅವರಪ್ಪನಿಗೆ ನಾನು ಇದೆಲ್ಲ ಹೇಳಲಿಲ್ಲ. ಡಿಪ್ಲೊಮಾ ಮುಗಿಸಲಿ, ಪಾರ್ಲರಿಗೆ ಹೋಗೋದನ್ನ ನೀವು ಬಿಡಿಸಬೇಡಿ, ರಾಜ್ಯ ಮಟ್ಟದ ಜೂನಿಯರ್ ಪಂದ್ಯಾವಳಿಗೆ ಒಂದ್ಸಲ ಕಳಿಸಿ ನೋಡೋಣ, ರೈಲ್ ಚಾರ್ಜು ನಾನು ಹಾಕ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆದ್ರೆ ಏನ್ ಕೊಡ್ತಾರೆ ಸಾ?" ಅಂದರು. ಸರ್ಟಿಫಿಕೇಟು ಕೊಡ್ತಾರೆ ಅಂದೆ. "ಅದ್ನ ಕಾಲೇಜ್ನೋರೂ ಕೊಡ್ತಾರೆ" ಅಂತ ನಕ್ಕರು.

ಹುಡುಗ ಹೋಗಿ ಬಂದ. ಎರಡನೇ ಸುತ್ತಿನಲ್ಲಿ ಸೋತ. ಸೋತಿದ್ದಕ್ಕಿಂತ ಅವನಿಗೆ ತಲೆ ಕೆಟ್ಟಿದ್ದು ಟೇಬಲ್ಲಿನ ವೇಗ. "ಚೆಂಡು ನಿಲ್ಲದೇ ಇಲ್ಲ ಅಣ್ಣ, ನಮ್ಮಲ್ಲಿ ಹೊಡ್ದಂಗೆ ಹೊಡುದ್ರೆ ಎರಡು ಸಲ ಕುಶನ್ಗೆ ಬಡ್ದು ವಾಪಸ್ ಬತ್ತದೆ" ಅಂದ. ಈಗ ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಳ್ಳೆ ಟೇಬಲ್ಲಿನಲ್ಲಿ ಬರೀ ಬಿಳಿ ಚೆಂಡೊಂದನ್ನೇ ಮೇಲಕ್ಕೂ ಕೆಳಕ್ಕೂ ಹೊಡ್ಕೊಂಡು ಬರ್ತಾನೆ.